ಕಟ್ಟಿ ಹಾಕುವುದೋ, ಹೇಸ್ಟ್ ಕೊಟ್ಟು ಬಾರಿಸುವುದೋ?

ಸರದಿ (ಟರ್ನ್) ಪ್ರಕಾರ ಕಾದಾಡುವ ಕಂಪ್ಯೂಟರ್ ಆಟ ಬಾಲ್ಡರ್ಸ್ ಗೇಟ್ 3ರಲ್ಲಿ ಪಾರ್ಟಿ (ನಾವು ಆಡಿಸುವ ತಂಡ) ಲೆವೆಲ್ 5 ಮುಟ್ಟಿದ ಕೂಡಲೇ ಕಲಬುರಗಿಯ ನಮ್ಮ ಆಟದ ಬಳಗದಲ್ಲಿ ವಾದ ಶುರುವಾಗುತ್ತದೆ. ಕೆಲವರು ಫೈಟರ್‌ಗೆ ಹೇಸ್ಟ್ (ವೇಗ ಕೊಡುವ ಮಂತ್ರ, ಆಟದ ಮಾತಲ್ಲಿ ಸ್ಪೆಲ್) ಕೊಟ್ಟು ನುಗ್ಗಿಸು ಅಂತಾರೆ. ಇನ್ನು ಕೆಲವರಿಗೆ ಢಾಲು ಹಿಡಿದವನನ್ನು ಮುಂದೆ ಬಿಟ್ಟು, ಹಿಂದಿನಿಂದ ಕ್ಲೆರಿಕ್ ಗಾಯ ಮಾಯಿಸ್ತಾ ಇದ್ದರೆ ಸಮಾಧಾನ. ಟ್ಯಾಕ್ಟಿಷಿಯನ್ ಎಂಬ ಕಠಿಣ ಮೋಡ್‌ನಲ್ಲಿ ಎರಡನ್ನೂ ಆಡಿ ನೋಡಿದ ಮೇಲೂ ನನ್ನ ಓಟು ಮೂರನೆಯದಕ್ಕೆ: ಹೋಲ್ಡ್ ಪರ್ಸನ್ ಸ್ಪೆಲ್‌ನಿಂದ ಶತ್ರುವನ್ನು ಕಟ್ಟಿಹಾಕಿ ಅವನ ಟರ್ನನ್ನೇ ಕಿತ್ತುಕೊಳ್ಳುವುದು.

ಢಾಲು-ಔಷಧದ ದಾರಿ ಲೆಕ್ಕದಲ್ಲೇ ಸೋಲುತ್ತದೆ. ಗಾಯ ಮಾಯಿಸುವ ಸ್ಪೆಲ್ ಕ್ಯೂರ್ ವೂಂಡ್ಸ್ ಮೊದಲ ಹಂತದಲ್ಲಿ 1ಡಿ8 (ಎಂಟು ಮುಖದ ಒಂದು ದಾಳ) ಜೊತೆಗೆ 3, ಅಂದರೆ ಸರಾಸರಿ ಏಳೆಂಟು. ಎದುರಿನವನ ಒಂದೇ ಏಟು ಅದಕ್ಕಿಂತ ಜಾಸ್ತಿ. ಮೇಲಾಗಿ ಆಟದ ಶತ್ರುಗಳು ಢಾಲಿನವನನ್ನು ಬಿಟ್ಟು ನಿಲುವಂಗಿ ತೊಟ್ಟ ಬಡ ವಿಝಾರ್ಡ್ (ಮಂತ್ರವಾದಿ) ಹತ್ತಿರ ಓಡ್ತಾರೆ. ಬಿದ್ದವರನ್ನು ಎಬ್ಬಿಸೋಕೆ ಮುಖ್ಯ ಕೆಲಸದ ಜೊತೆಗೆ ಸಿಗುವ ಸಣ್ಣ ಬೋನಸ್ ಆಕ್ಷನ್‌ನಲ್ಲಿ ಹೀಲಿಂಗ್ ವರ್ಡ್ ಸಾಕು. ಇಬ್ಬರು ಪಕ್ಕಪಕ್ಕ ಬಿದ್ದಿದ್ದರೆ ಹೀಲಿಂಗ್ ಪೋಷನ್ ಬಾಟಲಿಯನ್ನು ಅವರ ನಡುವೆ ನೆಲಕ್ಕೆ ಎಸೆಯಿರಿ, ಇಬ್ಬರೂ ಏಳ್ತಾರೆ.

ಹೇಸ್ಟ್ ಕಣ್ಣಿಗೆ ಭಾಳ ಚಂದ. ಎಸಿ (ಏಟು ತಾಗದಂತೆ ಕಾಯುವ ಅಂಕ) 2 ಏರುತ್ತದೆ, ಒಂದು ಆಕ್ಷನ್ ಹೆಚ್ಚು ಸಿಗುತ್ತದೆ, ಲೆವೆಲ್ 5ರ ಫೈಟರ್ ಒಂದು ಟರ್ನ್‌ನಲ್ಲಿ ನಾಲ್ಕು ಏಟು ಹಾಕ್ತಾನೆ. (ಇನ್ನೂ ಕಠಿಣವಾದ ಆನರ್ ಮೋಡ್‌ನಲ್ಲಿ ಆ ಹೆಚ್ಚುವರಿ ಆಕ್ಷನ್‌ಗೆ ಒಂದೇ ಏಟು, ಒಟ್ಟು ಮೂರು.) ತಕರಾರು ಇರೋದು ಕಾನ್ಸಂಟ್ರೇಷನ್‌ನಲ್ಲಿ, ಅಂದರೆ ಸ್ಪೆಲ್ ಉಳಿಯಬೇಕಾದರೆ ಹಾಕಿದವರ ಗಮನ ಕೆಡಬಾರದು. ಹೇಸ್ಟ್ ಹಾಕಿದವರಿಗೆ ಏಟು ಬಿದ್ದಾಗೆಲ್ಲ ಕಾನ್‌ಸ್ಟಿಟ್ಯೂಷನ್ ಸೇವ್ ಉರುಳುತ್ತದೆ, ಅಂದರೆ 20 ಮುಖದ ದಾಳಕ್ಕೆ ಮೈಯ ತಾಳಿಕೆಯ ಬೋನಸ್ ಸೇರಿಸಿ ನೋಡುತ್ತಾರೆ. ಮುಟ್ಟಬೇಕಾದ ಅಂಕ (ಡಿಸಿ) 10, ಇಲ್ಲವೇ ಬಿದ್ದ ಏಟಿನ ಅರ್ಧ, ಯಾವುದು ದೊಡ್ಡದೋ ಅದು. ಕಾನ್‌ಸ್ಟಿಟ್ಯೂಷನ್ 14 ಇರುವ ವಿಝಾರ್ಡ್ ಸಣ್ಣ ಏಟೊಂದನ್ನು ತಾಳಿಕೊಳ್ಳುವ ಸಾಧ್ಯತೆ ಶೇ. 65. ಎರಡು ಬಿದ್ದರೆ ಶೇ. 42. ಮೂರಕ್ಕೆ ಶೇ. 27. ಮೂರು ಬಿಲ್ಲುಗಾರರಿರುವ ಯಾವ ಕಾಳಗದಲ್ಲಾದರೂ ಇದು ಒಂದು ಸುತ್ತಿನ ಮಾತು.

ಮುರಿದರೆ ಆಗೋದೇನು? ಬೇರೆ ಸ್ಪೆಲ್‌ಗಳಾದರೆ ಪರಿಣಾಮ ಹೋಯಿತು, ಅಷ್ಟೇ. ಹೇಸ್ಟ್ ಹೋದರೆ ಅದನ್ನು ಪಡೆದವನಿಗೆ ಲೆಥಾರ್ಜಿಕ್ ಬರುತ್ತದೆ: ಒಂದು ಪೂರ್ತಿ ಟರ್ನ್ ಹೆಜ್ಜೆ ಇಲ್ಲ, ಆಕ್ಷನ್ ಇಲ್ಲ. ಅವನು ಆಗ ನಿಂತಿರೋದು ಶತ್ರುಗಳ ನಟ್ಟನಡುವೆ, ಯಾಕಂದರೆ ನುಗ್ಗಿಸೋಕೇ ಅಲ್ಲವೇ ಹೇಸ್ಟ್ ಕೊಟ್ಟದ್ದು. ಸಾರ್ಸರರ್ (ಇನ್ನೊಂದು ಬಗೆಯ ಮಂತ್ರವಾದಿ) ಇಟ್ಟುಕೊಂಡು ಮೂರು ಸಾರ್ಸರಿ ಪಾಯಿಂಟ್ ಸುರಿದು ಟ್ವಿನ್ ಮಾಡಿ ಒಂದೇ ಹೇಸ್ಟ್ ಇಬ್ಬರಿಗೆ ಕೊಟ್ಟಿದ್ದರೆ ಇಬ್ಬರೂ ಒಟ್ಟಿಗೆ ಕಂಬ ಆಗ್ತಾರೆ. ನಾಲ್ಕು ಜನರ ಪಾರ್ಟಿಯಲ್ಲಿ ಇಬ್ಬರು ಸುಮ್ಮನೆ ನಿಂತರೆ ಆ ಸುತ್ತು ಶತ್ರುಗಳದ್ದೇ. ಇನ್ನೊಂದು ಕಿರಿಕಿರಿ: ಐಸ್ ಮೇಲೋ ನಾವೇ ಹಾಕಿದ ಗ್ರೀಸ್ ಮೇಲೋ ಸ್ಪೆಲ್ ಹಾಕಿದವರು ಜಾರಿ ಬಿದ್ದರೂ ಕಾನ್ಸಂಟ್ರೇಷನ್ ಖತಂ, ಏಟೇ ಬೇಕಿಲ್ಲ. ವಾರ್ ಕ್ಯಾಸ್ಟರ್ ಫೀಟ್ (ಲೆವೆಲ್ ಏರುವಾಗ ಆರಿಸುವ ವಿಶೇಷ ಗುಣ) ತಗೊಂಡರೆ ಸಣ್ಣ ಏಟಿಗೆ ತಾಳುವ ಸಾಧ್ಯತೆ ಶೇ. 88ರ ಹತ್ತಿರ ಹೋಗುತ್ತದೆ ಖರೇ, ಆದರೆ ಅದಕ್ಕಾಗಿ ಇಂಟೆಲಿಜೆನ್ಸ್ ಏರಿಸುವ ಅವಕಾಶ ಬಿಡಬೇಕು. ಹೇಸ್ಟ್ ಬೇಕೇಬೇಕು ಅನ್ನುವವರು ಪೋಷನ್ ಆಫ್ ಸ್ಪೀಡ್ ಕುಡಿಸಿ: ಮೂರು ಟರ್ನ್, ಕಾನ್ಸಂಟ್ರೇಷನ್ ಇಲ್ಲ. ಕೊನೆಗೆ ಲೆಥಾರ್ಜಿಕ್ ಬರುತ್ತದೆ, ಆದರೆ ಯಾವಾಗ ಅಂತ ಮೊದಲೇ ಗೊತ್ತಿರುತ್ತದೆ.

ಹೋಲ್ಡ್ ಪರ್ಸನ್‌ಗೂ ಕಾನ್ಸಂಟ್ರೇಷನ್ ಬೇಕು. ಮುರಿದರೆ ಶತ್ರು ಎದ್ದ, ನಮ್ಮವನೇನೂ ಕೂಡಲಿಲ್ಲ. ಸ್ಪೆಲ್ ಡಿಸಿ 14 ಇದ್ದು ಎದುರಿನವನ ವಿಸ್ಡಮ್ ಬೋನಸ್ ಸೊನ್ನೆ ಇದ್ದರೆ ಹಿಡಿಯುವ ಸಾಧ್ಯತೆ ಶೇ. 65. ಅದಕ್ಕೂ ಮೊದಲು ಕ್ಲೆರಿಕ್ ಕೈಯಿಂದ ಬೇನ್ ಹಾಕಿಸಿದರೆ ಅವನ ಸೇವ್‌ನಿಂದ 1ಡಿ4 ಕಳೆಯುತ್ತದೆ. ಹಿಡಿದ ಮೇಲೆ ಮೈಗೆ ಹತ್ತಿ ನಿಂತು ಹಾಕಿದ ಪ್ರತಿ ಏಟೂ ಕ್ರಿಟಿಕಲ್, ಅಂದರೆ ಏಟಿನ ದಾಳಗಳು ಎರಡು ಪಟ್ಟು. ಸ್ಟ್ರೆಂಗ್ತ್ 18ರ ಫೈಟರ್‌ನ ಗ್ರೇಟ್‌ಸೋರ್ಡ್ ಮಾಮೂಲಿಯಾಗಿ ಸರಾಸರಿ 11, ಇಲ್ಲಿ 18. ಎರಡು ಏಟಿಗೆ 36, ರೋಗ್‌ನ ಸ್ನೀಕ್ ಅಟ್ಯಾಕ್ 3ಡಿ6 ಬದಲು 6ಡಿ6. ಹೇಸ್ಟ್‌ನ ನಾಲ್ಕೂ ಏಟು ತಾಗಿದರೆ 44, ಆದರೆ ಲಾಭ ಒಬ್ಬನಿಗೆ. ಇಲ್ಲಿ ಇಡೀ ಪಾರ್ಟಿಗೆ.

ಸ್ಪೆಲ್ ಹಾಕಿದ ಮೇಲೆ ವಿಝಾರ್ಡ್ ಅಲ್ಲೇ ನಿಲ್ಲಬಾರದು. ಬಾಗಿಲಲ್ಲಿ ನಿಂತು ಹಾಕಿ, ಉಳಿದ ಹೆಜ್ಜೆಯಲ್ಲಿ ಗೋಡೆ ಹಿಂದೆ ಸರಿಯಿರಿ. ಬಿಲ್ಲುಗಾರನಿಗೆ ಕಾಣದಿದ್ದರೆ ಸೇವ್ ಉರುಳಿಸುವ ಪ್ರಶ್ನೆಯೇ ಇಲ್ಲ.

ಕೊರತೆ ಇಲ್ಲವೆಂದಲ್ಲ. ಇದು ಗಾಬ್ಲಿನ್, ಗಿತ್‌ಯಾಂಕಿಯಂಥ ಹ್ಯೂಮನಾಯ್ಡ್‌ಗಳಿಗೆ ಮಾತ್ರ. ಜೇಡ, ಅಸ್ಥಿಪಂಜರದ ಮೇಲೆ ನಡೆಯದು. ಅಲ್ಲಿಗೆ ಹಿಪ್ನಾಟಿಕ್ ಪ್ಯಾಟರ್ನ್, ಇಲ್ಲವೇ ಎದುರಿಗಿರೋದು ಜೇಡ ಅಲ್ಲದಿದ್ದರೆ ವೆಬ್ ನೋಡ್ರಿ, ಆದರೆ ವೆಬ್ ಬೆಂಕಿ ತಾಗಿದರೆ ಸುಟ್ಟುಹೋಗುತ್ತದೆ, ಪ್ಯಾಟರ್ನ್‌ನಲ್ಲಿ ಮೈಮರೆತವನು ಏಟು ಬಿದ್ದ ಕೂಡಲೇ ಎಚ್ಚರಾಗ್ತಾನೆ. ಡಿವಿನಿಟಿ ಒರಿಜಿನಲ್ ಸಿನ್ 2 ಅನ್ನುವ ಇನ್ನೊಂದು ಆಟದಲ್ಲಂತೂ ಈ ಲೆಕ್ಕವೇ ತಲೆಕೆಳಗು: ರಕ್ಷಾಕವಚ ಸೊನ್ನೆ ಆಗೋತನಕ ಯಾರನ್ನೂ ಕಟ್ಟಿಹಾಕಲಾಗದು, ಅಲ್ಲಿ ಮೊದಲು ಬಾರಿಸಲೇಬೇಕು.

ಖರ್ಚಿನ ಮಾತು ಬಂದರೆ, ಲೆವೆಲ್ 5ರ ವಿಝಾರ್ಡ್‌ಗೆ ಮೂರನೇ ಹಂತದ ಸ್ಲಾಟ್ (ಸ್ಪೆಲ್ ಹಾಕಲು ಖರ್ಚಾಗುವ ಅವಕಾಶ) ಎರಡೇ, ಎರಡನೇ ಹಂತದವು ಮೂರು. ಹೇಸ್ಟ್ ಮೊದಲಿನದನ್ನು ತಿನ್ನುತ್ತದೆ, ಹೋಲ್ಡ್ ಎರಡನೆಯದನ್ನು. ಫೈರ್‌ಬಾಲ್‌ಗೆ ಸ್ಲಾಟ್ ಉಳಿಯುತ್ತದೆ. ಟ್ಯಾಕ್ಟಿಷಿಯನ್‌ನಲ್ಲಿ ಸ್ಲಾಟ್ ಮತ್ತೆ ತುಂಬಿಸುವ ಒಂದು ಲಾಂಗ್ ರೆಸ್ಟ್‌ಗೆ 80 ಕ್ಯಾಂಪ್ ಸಪ್ಲೈ ಬೇಕಾಗುವುದರಿಂದ ನನ್ನಂಥ ಜಿಪುಣರಿಗೆ ಇದು ಸಣ್ಣ ವಿಷಯವಲ್ಲ. ರಾತ್ರಿ ಊಟದ ಮೇಲೆ ಒಂದು ತಾಸು ಆಡುವವರಿಗೆ ಕಾಳಗ ಬೇಗ ಮುಗಿಯೋದೂ ಮುಖ್ಯ. ಮೇ ತಿಂಗಳ ಕಲಬುರಗಿಯಲ್ಲಿ ಲ್ಯಾಪ್‌ಟಾಪ್ ಕಾದು ಕೆಂಡವಾಗಿ, ಮೇಲಿಂದ ಕರೆಂಟೂ ಕೈಕೊಟ್ಟರೆ ಉದ್ದನೆಯ ಕಾಳಗ ಆಡೋರಿಗೇ ಕಷ್ಟ. ಆನರ್ ಮೋಡ್ ಅಲ್ಲದಿದ್ದರೆ ಕಾಳಗದ ನಡುವೆಯೂ ನಿಮ್ಮ ಟರ್ನ್ ಬಂದಾಗ ಎಫ್5 ಒತ್ತಿ ಆಟ ಸೇವ್ ಮಾಡಬಹುದು. ಹೋಲ್ಡ್ ಹಾಕುವ ಮುಂಚೆ ಒಮ್ಮೆ ಒತ್ತಿರಿ.