ಕಡಲಾಮಿ ಫೋಟೊಕ್ಕ ಒಲಿಂಪಸ್ ಟಿಜಿ-6: ಕಲಬುರಗಿ ಬಾವಿಂದ ಅಗತ್ತಿ ತನಕ ಬಳಸಿ ನೋಡಿ ಬರ್ದಿದ್ದು

ಮೊದ್ಲೇ ಹೇಳ್ಬಿಡ್ತೀನ್ರಿ, ದಂಡಿ ಹತ್ರನೇ ಈಸ್ಕೋತ ಕಡಲಾಮಿ ಫೋಟೊ ತೆಗೀಬೇಕು ಅನ್ನೋರಿಗೆ, ಅದ್ರಾಗೂ ಕಲಬುರಗಿ ಬೀದರ ಕಡಿಂದ ಯಾವಾಗರೆ ಒಮ್ಮೆ ಸಮುದ್ರ ನೋಡೋ ನಮ್ಮಂಥೋರಿಗೆ, ಈ ಕ್ಯಾಮೆರಾ ಭಾಳ ಛಲೋ ಅದ. ಬ್ಯಾರೆ ಹೌಸಿಂಗ್ (ನೀರು ಹೋಗ್ಲಾರ್ದಂಗ ಹೊರಗ ಹಾಕೋ ಡಬ್ಬಿ) ಏನೂ ಬ್ಯಾಡ, ಹಂಗೇ 15 ಮೀಟರ್ ತನಕ ನೀರಾಗ ಒಯ್ಬಹುದು, ತೂಕ ಕಾಲು ಕೆಜಿ ಆಸುಪಾಸು. ಇದಕ್ಕ ಮೊದ್ಲ ಮೊಬೈಲ್‌ಗೆ ಹಾಕೋ ಪ್ಲಾಸ್ಟಿಕ್ ಪೌಚ್ ನೋಡಿದ್ದೆ, ನೀರೊಳಗ ಹೋದ್ಕೂಡ್ಲೆ ಟಚ್ ಕೆಲ್ಸ ಮಾಡಂಗಿಲ್ಲ, ಆಮಿ ಎದುರಿಗಿದ್ದಾಗ ಫೋಟೊ ಬರ್ಲಿಲ್ಲಂದ್ರ ಏನ್ ಉಪಯೋಗ.

ನಮ್ಮ ಹೊಲದ ಬಾವ್ಯಾಗೇ ಮೊದ್ಲ ಇಳಿಸಿ ನೋಡಿದ್ವಿ, ತಮ್ಮ ಮುಂದ ಈಸ್ತಿದ್ದ, ನಾ ಬಾಜೂಕಿಂದ ತೆಗೀತಿದ್ದೆ. ಬಾವಿ ನೀರು ಹಸರು, ಬೆಳಕು ಕಮ್ಮಿ, ಫೋಟೊ ಮಬ್ಬೇ ಬರ್ತಾವ, ಆದ್ರ ಯಾವ ಬಟನ್ ಎಲ್ಲಿ ಅದ ಅಂತ ನೋಡ್ಲಾರ್ದೆ ಬೆರಳಿಗೆ ಗೊತ್ತಾಗಬೇಕಲ್ರಿ, ಅದಕ್ಕ ಬಾವಿಗಿಂತ ಛಲೋ ಜಾಗ ನಮ್ಮ ಕಡಿ ಇಲ್ಲ.

ಹೋಗಿದ್ದು ಲಕ್ಷದ್ವೀಪದ ಅಗತ್ತಿಗೆ. ಕಲಬುರಗಿಂದ ರೈಲಿಗೆ ಕೇರಳ, ಕೊಚ್ಚಿಂದ ಸಣ್ಣ ವಿಮಾನ, ಪರ್ಮಿಟ್ ಮೊದ್ಲೇ ಮಾಡಿಸ್ಬೇಕು. ಅಲ್ಲಿ ಹವಳದ ದಿಬ್ಬದ ಒಳಗಿನ ನೀರು ಆಳ ಇಲ್ಲ, ತಳಾನೇ ಕಾಣ್ತದ, ಅಲ್ಲೇ ಹಸಿರು ಕಡಲಾಮಿ ಬರ್ತಾವ, ದನ ಹೊಲದಾಗ ಮೇದಂಗ ತಳದಾಗಿನ ಹುಲ್ಲು ಮೇಯ್ತಾವ. ದೊಡ್ಡವು ನೂರು ಕೆಜಿ ದಾಟ್ತಾವ, ಆದ್ರೂ ರೆಕ್ಕಿ ಹೊಡ್ಯೋದು ನೋಡಿದ್ರ ತೂಕನೇ ಇಲ್ಲೇನೋ ಅನ್ನಿಸ್ತದ. ನೋಡಿ ನನಗ ಕಣ್ತುಂಬಿ ಬಂತ್ರಿ, ಖರೆ ಹೇಳ್ತೀನಿ.

ಈಗ ಫೋಟೊ ಮಾತು. ನೀರು ಎಲ್ಲಕ್ಕಿಂತ ಮೊದ್ಲ ಕೆಂಪು ಬಣ್ಣ ನುಂಗ್ತದ, ಅದಕ್ಕೇ ಮಾಮೂಲಿ ಕ್ಯಾಮೆರಾದಾಗ ಆಮಿ ನೀಲಿ ನೀಲಿ ಆಗ್ತದ. ಇದ್ರಾಗ ಕಮ್ಮಿ ಆಳ, ಮಧ್ಯಮ, ಹೆಚ್ಚು ಆಳ ಅಂತ ನೀರೊಳಗಿನ ವೈಟ್ ಬ್ಯಾಲೆನ್ಸ್, ಅಂದ್ರ ಬಣ್ಣ ಸರಿ ಮಾಡೋ ಸೆಟ್ಟಿಂಗ್, ಮೂರು ಬ್ಯಾರೆ ಬ್ಯಾರೆ ಅದಾವ, ದಂಡಿ ಹತ್ರ ಕಮ್ಮಿ ಆಳದ್ದೇ ಇಟ್ಕೊಳ್ರಿ, ಚಿಪ್ಪಿನ ಕಂದು ಬಣ್ಣ ಬರಾಬ್ಬರಿ ಬರ್ತದ. ಇನ್ನೊಂದು ನನಗ ಭಾಳ ಸೇರಿದ್ದು ಪ್ರೋ ಕ್ಯಾಪ್ಚರ್: ಬಟನ್ ಅರ್ಧ ಒತ್ತಿ ಹಿಡಿದ್ರ, ಪೂರಾ ಒತ್ತೋಕಿಂತ ಅರ್ಧ ಸೆಕೆಂಡ್ ಹಿಂದಿನ ಫ್ರೇಮೂ ಉಳೀತಾವ. ಆಮಿ ಉಸಿರು ತೊಗೊಳಾಕ ಮ್ಯಾಲ ಬಂದು ತಲಿ ಎತ್ತೋದು ಒಂದೇ ಕ್ಷಣ, ನಾವು ಒತ್ತೋದ್ರಾಗ ಮುಗ್ದಿರ್ತದ, ಇದ್ರಾಗ ಮಾತ್ರ ಸಿಗ್ತದ.

ಫ್ಲ್ಯಾಶ್ ಬಂದ್ ಇಡ್ರಿ, ನೀರಾಗಿನ ಕಸರೆಲ್ಲಾ ಬೆಳ್ಳಗ ಚುಕ್ಕಿ ಆಗಿ ಬರ್ತದ, ಆಮಿಗೂ ತ್ರಾಸ. ಝೂಮ್ ಮುಟ್ಲೇಬ್ಯಾಡ್ರಿ. 25 ಎಂಎಂ ಲೆನ್ಸ್ ನೀರಾಗ ಸುಮಾರು 33ರಂಗ ಆಗ್ತದ, ಅಂದ್ರ ಕಾಣೋ ಅಗಲ ಕಮ್ಮಿ ಆಗ್ತದ, ಅದಕ್ಕ ಇದ್ದಷ್ಟು ಅಗಲನೇ ಬೇಕು. ಹಂಗಂತ ಹತ್ರ ಹೋಗಾಕ ಬೆನ್ನ ಹತ್ತಬಾರ್ದು. ಬೆನ್ನ ಹತ್ತಿದ್ರ ಸಿಗೋದು ಬರೇ ಬಾಲದ ಫೋಟೊ, ಅದೂ ಅಲ್ದೆ ಅದು ಉಸಿರಿಗೆ ಮ್ಯಾಲ ಬರೋದೂ ಬಿಟ್ಟು ಓಡ್ತದ. ನಮ್ಮನ್ನ ಕರ್ಕೊಂಡು ಹೋದ ದ್ವೀಪದ ಹುಡುಗ ಇದ್ರಾಗ ಭಾಳ ಕಟ್ಟುನಿಟ್ಟು, ಮ್ಯಾಲಿಂದ ಅಡ್ಡ ಬರಬ್ಯಾಡ್ರಿ, ಒಂದು ಕಡಿ ತೇಲ್ಕೋತ ನಿಲ್ರಿ ಅಂತಿದ್ದ. ನಿಂತ್ವಿ, ಮೇಯ್ಕೋತ ಮೇಯ್ಕೋತ ತಾನೇ ನಮ್ಮ ಕಡಿ ಬಂತು, ಮುಖದ ಮ್ಯಾಲಿನ ಬಿಲ್ಲಿ ಬಿಲ್ಲಿ ಎಲ್ಲಾ ಎಣಿಸೋವಷ್ಟು ಹತ್ರ! ಮುಟ್ಟೋದಂತೂ ಬ್ಯಾಡೇ ಬ್ಯಾಡ, 1972ರ ವನ್ಯಜೀವಿ ಕಾಯ್ದಿ ಮೊದಲನೇ ಶೆಡ್ಯೂಲ್‌ನ್ಯಾಗ ಅದಾವ ಇವು, ಹುಲಿ ಇದ್ದ ಪಟ್ಟಿನೇ ಅದು.

ಪೂರಾ ಮ್ಯಾನುವಲ್ ಮೋಡ್ ಇಲ್ಲ, ಶಟರ್ ಸ್ಪೀಡ್ ನಾವೇ ಇಡಾಕ ಬರಂಗಿಲ್ಲ, ಬೆಳಕು ಹಿಡಿಯೋ ಸೆನ್ಸರ್ ಸಣ್ಣದು, ಹಂಗಾಗಿ ಬಿಸಿಲು ನೆತ್ತಿ ಮ್ಯಾಲಿದ್ದಾಗ ಇಳೀರಿ. ಕೈಬಿಟ್ರ ಮುಳುಗ್ತದ, ತೇಲೋ ಪಟ್ಟಿ ಬ್ಯಾರೆ ತೊಗೊಳ್ರಿ.

2023ರಾಗ ಓಎಂ ಸಿಸ್ಟಮ್ (ಒಲಿಂಪಸ್ ಕ್ಯಾಮೆರಾಗಳ ಹೊಸ ಹೆಸರು) ಹೆಸರ್ಲೆ ಟಿಜಿ-7 ಬಂದದ, ಚಾರ್ಜಿಂಗ್ ಯುಎಸ್‌ಬಿ-ಸಿ, ರೊಕ್ಕ ಇದ್ರ ಅದನ್ನೇ ತೊಗೊಳ್ರಿ. ಸೆಕೆಂಡ್ ಹ್ಯಾಂಡ್ ಟಿಜಿ-6 ತೊಗೊಳೋದಿದ್ರ ಬ್ಯಾಟರಿ ಬಾಗಿಲ ತೆಗ್ದು ರಬ್ಬರ್ ಸೀಲ್ ನೋಡ್ರಿ, ಒಂದು ಕೂದಲೆಳಿ ಸಿಕ್ಕಿದ್ರೂ ನೀರು ಒಳಗ ಹೋಗ್ತದ. ಉಪ್ಪುನೀರಿಂದ ಎದ್ದ ಕೂಡ್ಲೆ ಬಾಗಿಲ ತೆಗೀಲಾರ್ದೆ ಬಕೀಟ್ ಸಿಹಿನೀರಾಗ ನೆನಿಯಾಕ ಬಿಡ್ರಿ, ಆಮ್ಯಾಲ ಒರೆಸಿ ನೆರಳಾಗ ಒಣಗಿಸ್ರಿ.