ಮೂರು ಇಂಡಕ್ಷನ್ ಒಲೆ ಮತ್ತು ಅಮ್ಮನ ಒದ್ದೆ ಕೈ

ಈ ಮಳೆಗಾಲ ಉಡುಪಿಯ ನಮ್ಮ ಮನೆಯಲ್ಲಿ ಮೂರು ಇಂಡಕ್ಷನ್ ಒಲೆಗಳಲ್ಲಿ ಅಡುಗೆ ಆಯಿತು. ಟಚ್ ಒಲೆ ನಾನು ಕೊಂಡದ್ದು. ಬಟನ್ ಒತ್ತುವ ಒಲೆ ಅಕ್ಕನ ಮನೆಯದ್ದು. ನಾಬ್ ತಿರುಗಿಸುವ ಒಲೆಯನ್ನು ಪಕ್ಕದ ಮನೆಯವರು ಒಂದು ವಾರಕ್ಕೆ ಕೊಟ್ಟಿದ್ದರು. ಮೂರರ ಒಳಗೂ ತಾಮ್ರದ ಸುರುಳಿಯೇ. ಕರೆಂಟ್ ಹರಿದರೆ ಅದರ ಸುತ್ತ ಕಾಂತಕ್ಷೇತ್ರ ಹುಟ್ಟಿ ಪಾತ್ರೆಯ ತಳವೇ ಕಾಯುತ್ತದೆ. ನೀರು ಕುದಿಯುವುದರಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಬೆರಳು ಇಡುವ ಜಾಗದಲ್ಲಿ.

ಏನೂ ಹೇಳಿಕೊಡದೆ, ಚಹಾಕ್ಕೆ ನೀರಿಡಿ ಎಂದು ಅಮ್ಮನಿಗೆ ಹೇಳಿದೆ. ಟಚ್ ಒಲೆಯಲ್ಲಿ ಅವರು ಪವರ್ ಗುರುತು ಮುಟ್ಟಿದರು. ದೀಪ ಬಂತು, ಬಿಸಿ ಬರಲಿಲ್ಲ. ಆಮೇಲೆ ಇನ್ನೊಂದು ಗುರುತು ಮುಟ್ಟಬೇಕಿತ್ತು. ಹಾಗೆ ಮುಟ್ಟಬೇಕು ಎಂದು ಒಲೆ ಎಲ್ಲಿಯೂ ತೋರಿಸುವುದಿಲ್ಲ. ಪ್ಲಸ್ ಮುಟ್ಟಿದರೆ ಬಿಸಿ ಜಾಸ್ತಿ. ಟೈಮರ್ ಹಾಕಿದ್ದರೆ ಅದೇ ಪ್ಲಸ್‌ನಿಂದ ನಿಮಿಷ ಜಾಸ್ತಿ. "ಇದೆಂಥದು ಮಾರಾಯ, ಇದನ್ನು ಆಫ್ ಮಾಡುವುದು ಹೇಗೆ?" ಎಂದು ಅಮ್ಮ ಕೇಳಿದರು. ನಾಲ್ಕು ದಶಕ ಅಡುಗೆ ಮಾಡಿದವರಿಗೆ "ನನಗೆ ಇದೆಲ್ಲ ಗೊತ್ತಾಗುವುದಿಲ್ಲ" ಎನ್ನಿಸಿಬಿಟ್ಟಿತಲ್ಲ, ಅದು ನನಗೆ ನಿಜಕ್ಕೂ ಬೇಸರ ತಂದಿತು. ತಪ್ಪು ಅವರದ್ದಲ್ಲ, ಒಲೆಯದ್ದು.

ಒಂದು ಬೆಳಿಗ್ಗೆ ಹಾಲು ಉಕ್ಕಿ ಗುರುತುಗಳ ಮೇಲೆಯೇ ಹರಿಯಿತು. ಅಮ್ಮ ಒದ್ದೆ ಬೆರಳಲ್ಲಿ ಎಷ್ಟು ಒತ್ತಿದರೂ ಆಫ್ ಆಗಲಿಲ್ಲ. ಬೆರಳು ಬಂದಾಗ ಗಾಜಿನಡಿಯ ವಿದ್ಯುತ್ತಿನಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಟಚ್ ಗುರುತಿಸುತ್ತದೆ. ನೀರು, ಹಾಲು ಬಿದ್ದರೂ ಅಲ್ಲಿ ಬದಲಾವಣೆ ಆಗುತ್ತದೆ. ಕೊನೆಗೆ ನಾನು ಓಡಿ ಹೋಗಿ ಪಾತ್ರೆ ಎತ್ತಿದೆ. ಪಾತ್ರೆ ಇಲ್ಲದಿದ್ದರೆ ಬಿಸಿ ತಾನಾಗಿ ನಿಲ್ಲುತ್ತದೆ. ಅಡುಗೆಮನೆಯಲ್ಲಿ ಒಣ ಬೆರಳು ಸಿಗುವುದು ಅಪರೂಪ, ಅಲ್ವಾ?

ಟಚ್ ಒಲೆಯಲ್ಲಿ ರೈಸ್ ಎಂಬ ಗುರುತೂ ಇದೆ. ಕುಚ್ಚಲಕ್ಕಿ ಹಾಕಿ ಅದನ್ನು ಮುಟ್ಟಿದೆವು. ಅಗುಳು ಗಟ್ಟಿ ಇರುವಾಗಲೇ ಒಲೆ ನಿಂತಿತು. ಬೇಗ ಬೇಯುವ ಬೆಳ್ತಿಗೆ ಅಕ್ಕಿಗೆ ಆ ಹೊತ್ತು ಸಾಕು, ನಮ್ಮ ಗಂಜಿಗೆ ಸಾಲದು.

ಬಟನ್ ಒಲೆ ಸ್ವಲ್ಪ ವಾಸಿ. ಒತ್ತಿದ್ದು ಬೆರಳಿಗೆ ತಿಳಿಯುತ್ತದೆ, ಕೈ ಒದ್ದೆ ಇದ್ದರೂ ಕೆಲಸ ಮಾಡುತ್ತದೆ. ಆದರೆ ಯಾವುದಾದ ಮೇಲೆ ಯಾವುದು ಎಂಬ ಗೊಂದಲ ಅಲ್ಲಿಯೂ ಇದೆ.

ನಾಬ್ ಒಲೆ ಮುಂದೆ ಅಮ್ಮ ಏನೂ ಕೇಳಲಿಲ್ಲ. ತಿರುಗಿಸಿದರು, ನೀರು ಕುದಿಯಿತು, ಹಿಂದಕ್ಕೆ ತಿರುಗಿಸಿದರು. ನಾಬ್ ಎತ್ತ ಮುಖ ಮಾಡಿದೆ ಎಂದು ಬಾಗಿಲಲ್ಲಿ ನಿಂತೇ ನೋಡಿದರೆ ಬಿಸಿ ಎಷ್ಟಿದೆ ಗೊತ್ತಾಗುತ್ತದೆ. ಎರಡು ಬರ್ನರ್‌ನ ಗ್ಯಾಸ್ ಒಲೆಯೂ ಹೀಗೆಯೇ: ಎಡದ ನಾಬ್ ಎಡಕ್ಕೆ, ಬಲದ್ದು ಬಲಕ್ಕೆ. ನಾಲ್ಕು ಬರ್ನರ್‌ಗೆ ನಾಲ್ಕು ನಾಬ್ ಸಾಲಾಗಿ ಇಟ್ಟ ಒಲೆಯಲ್ಲಿ ಮಾತ್ರ ನಾನು ಇವತ್ತಿಗೂ ತಪ್ಪು ನಾಬ್ ಹಿಡಿಯುತ್ತೇನೆ.

ಪಕ್ಕದ ಮನೆಯ ನಾಬ್ ಒಲೆಯಲ್ಲೂ ಕೊರತೆ ಇದೆ. ಟೈಮರ್ ಇಲ್ಲ. ನೀರ್‌ದೋಸೆ ಹಿಟ್ಟು ಚೆಲ್ಲಿದರೆ ನಾಬ್‌ನ ಬುಡದಲ್ಲಿ ಅಂಟುತ್ತದೆ, ಕಡ್ಡಿ ಹಾಕಿ ತೆಗೆಯಬೇಕು. ಗಾಜಿನ ಟಚ್ ಒಲೆಯನ್ನು ಒಂದೇ ಸಲ ಒರೆಸಿದರೆ ಸಾಕು. ಆದರೂ ನನ್ನ ಆಯ್ಕೆ ನಾಬ್ ಒಲೆಯೇ.

ಪಕ್ಕದ ಮನೆಯದ್ದನ್ನು ಹಿಂದೆ ಕೊಟ್ಟು, ಅಂಥದ್ದೇ ಒಂದನ್ನು ಕೊಳ್ಳಲು ಅಮ್ಮನನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಪ್ಲಗ್ ಹಾಕಿಸಿ, ನೀರಿನ ಪಾತ್ರೆ ಇಡಿಸಿದೆವು. ಅಮ್ಮ ಕೈ ಒದ್ದೆ ಮಾಡಿಕೊಂಡು ಮೂರು ಸಲ ಆನ್, ಮೂರು ಸಲ ಆಫ್ ಮಾಡಿದರು. ಆಮೇಲೆಯೇ ದುಡ್ಡು ಕೊಟ್ಟೆವು.