‘ಲೆವೆಲಿಂಗ್ ಕಿಟ್’ ಅಂದರೆ ತಲೆಯಾಡಿಸಬೇಡಿ: ಫಿಫ್ತ್ ವೀಲ್ ಎಳೆಯುವವರಿಗೊಂದು ಎಚ್ಚರಿಕೆ

ಟ್ರೇಲರ್ ಮಟ್ಟವಾಗಿ ನಿಲ್ಲಲಿ ಎಂದು ಹೋದರೆ ಟ್ರಕ್ಕಿನ ಮೂಗು ಎತ್ತಿ ಕಳಿಸಿದರು. ಇಷ್ಟೇ ಕಥೆ. ಬಿಲ್ಲು ಮಾತ್ರ 2,050 ಡಾಲರ್. ಟೆಕ್ಸಾಸ್ ಆಗಲಿ, ಬೇರೆಲ್ಲೇ ಆಗಲಿ, ಪಿಕಪ್ಪಿಗೆ ಫಿಫ್ತ್ ವೀಲ್ (ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿರುವ ಕೊಂಡಿಗೆ ಮೂಗು ಕೂರಿಸಿ ಎಳೆಯುವ ದೊಡ್ಡ ಟ್ರೇಲರ್) ಕಟ್ಟಿಕೊಂಡು ಓಡಾಡುವ ಕನ್ನಡದವರು ದುಡ್ಡು ಕೊಡುವ ಮೊದಲು ಇದನ್ನು ಓದಿಕೊಳ್ಳಿ. ಅಂಗಡಿಯ ಹೆಸರು ಬರೆಯುವುದಿಲ್ಲ. ಈ ಆಟ ಆಡುವ ಅಂಗಡಿ ಅದೊಂದೇ ಅಂತ ನನಗನ್ನಿಸುವುದೂ ಇಲ್ಲ.

ಸಮಸ್ಯೆ ಸಾಮಾನ್ಯದ್ದೇ. ಈಗಿನ ಮುಕ್ಕಾಲು ಟನ್, ಒಂದು ಟನ್ ದರ್ಜೆಯ ಫೋರ್ ವೀಲ್ ಡ್ರೈವ್ ಟ್ರಕ್ಕುಗಳ ಬೆಡ್ (ಹಿಂದಿನ ತೊಟ್ಟಿ) ತುಂಬ ಎತ್ತರದಲ್ಲಿರುತ್ತದೆ. ಕಿಂಗ್‌ಪಿನ್ (ಟ್ರೇಲರಿನ ಮೂಗಿನ ಕೆಳಗಿನ ದಪ್ಪ ಪಿನ್ನು) ಬೆಡ್ಡಿನ ಹಿಚ್ಚಿನಲ್ಲಿ, ಅಂದರೆ ಕೊಂಡಿಯಲ್ಲಿ, ಕೂತರೆ ಟ್ರೇಲರಿನ ಮೂಗು ಮೇಲೆ, ಬಾಲ ಕೆಳಗೆ. ಸಮತಟ್ಟಾದ ಪಾರ್ಕಿಂಗ್ ಲಾಟಿನಲ್ಲಿ, ನೀರು ಸಾಮಾನು ಎಲ್ಲ ತುಂಬಿಸಿಕೊಂಡು ಅಳೆದರೆ, ಫ್ರೇಮಿನ ಮುಂದಿನ ಕಡೆ ಹಿಂದಿನ ಕಡೆಗಿಂತ 3 ಇಂಚು ಎತ್ತರ ಇತ್ತು. ಅಳೆದ ಎರಡು ಜಾಗಗಳ ನಡುವೆ 20 ಅಡಿ. ಹೀಗೆ ಮೂಗೆತ್ತಿಕೊಂಡು ಓಡಿದರೆ ಟ್ರೇಲರಿನ ಹಿಂದಿನ ಆಕ್ಸಲ್ಲಿಗೆ ಹೆಚ್ಚು ಭಾರ. ಎರಡು ಸ್ಪ್ರಿಂಗುಗಳ ನಡುವಿನ ಈಕ್ವಲೈಜರ್ ಸ್ವಲ್ಪ ಮಟ್ಟಿಗೆ ಹಂಚುತ್ತದೆ, ಆಮೇಲೆ ಅದರ ಕೈಲೂ ಆಗುವುದಿಲ್ಲ. ಅಳತೆಗಳನ್ನೆಲ್ಲ ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಮತ್ತೆ ಹೇಳುತ್ತೇನೆ, ಬರೆದು ಕೊಟ್ಟಿದ್ದೆ.

ಕೌಂಟರಿನವನು ಚೀಟಿಯನ್ನು ಓದಲೂ ಇಲ್ಲ. “ಲೆವೆಲ್ ಆಗಬೇಕು ತಾನೇ? ಲೆವೆಲಿಂಗ್ ಕಿಟ್ ಹಾಕಿಬಿಡೋಣ ಸರ್.” ನಾನು ಹೂಂ ಅಂದೆ. ಮಂಗನಾದದ್ದು ಆ ಒಂದು ‘ಹೂಂ’ನಲ್ಲಿ.

ಲೆವೆಲಿಂಗ್ ಕಿಟ್ ಅಂದರೆ ಟ್ರಕ್ಕಿನ ಮುಂದಿನ ಸಸ್ಪೆನ್ಷನ್ನಿಗೆ ಹಾಕುವ ಸ್ಪೇಸರ್. ಮುಂಭಾಗವನ್ನು 2 ಇಂಚಿನಷ್ಟು ಎತ್ತುತ್ತದೆ, ಖಾಲಿ ಟ್ರಕ್ಕು ನೋಡಲು ಸಮ ಕಾಣುತ್ತದೆ. ನೋಡಲು ಮಾತ್ರ. ಹಿಚ್ ಇರುವುದು ಹಿಂದಿನ ಆಕ್ಸಲ್ ಮೇಲೆ. ಮುಂದೆ ಎಷ್ಟು ಎತ್ತಿದರೂ ಅದರ ಎತ್ತರ ಬದಲಾಗುವುದಿಲ್ಲ. ಟ್ರೇಲರ್ ಅದೇ 3 ಇಂಚು ಮೂಗೆತ್ತಿಕೊಂಡೇ ಇತ್ತು. ಕಂಪನಿಯವರು ಟ್ರಕ್ಕಿನ ಹಿಂಭಾಗವನ್ನು ಸ್ವಲ್ಪ ಎತ್ತರ ಇಟ್ಟಿರುವುದೇ ಪಿನ್ ಭಾರ (ಟ್ರೇಲರಿನ ಮೂಗು ಹಿಚ್ಚಿನ ಮೇಲೆ ಹಾಕುವ ಭಾರ) ಬಿದ್ದಾಗ ಕುಗ್ಗಿ ಸಮ ಆಗಲಿ ಅಂತ. ಇವರು ಅದನ್ನೂ ಕೆಡಿಸಿದರು. ಟ್ರೇಲರ್ ಕಟ್ಟಿದೊಡನೆ ಹಿಂದೆ 2 ಇಂಚು ಕುಗ್ಗಿತು, ಟ್ರಕ್ಕು ಆಕಾಶ ನೋಡತೊಡಗಿತು, ಹೆಡ್‌ಲೈಟು ಎದುರಿನವರ ಕಣ್ಣಿಗೆ.

ವಾಪಸ್ ಹೋದರೆ ಸಿಕ್ಕ ಉತ್ತರ: “ನೀವು ಲೆವೆಲ್ ಕೇಳಿದಿರಿ, ಟ್ರಕ್ಕು ಲೆವೆಲ್ ಇದೆಯಲ್ಲ.” ಟ್ರಕ್ಕು ಸರಿ, ಟ್ರೇಲರ್? “ಅದು ಲೋಡ್ ಆದಮೇಲೆ ತಾನಾಗೇ ಕೂರುತ್ತೆ.” ಲೋಡ್ ಆಗಿಯೇ ಇದೆ ಎಂದೆ. “ಹಾಗಿದ್ರೆ ಏರ್‌ಬ್ಯಾಗ್ ಬೇಕು.”

ಅದಕ್ಕೂ ಒಪ್ಪಿದೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ನಗುವವರು ನಗಲಿ.

ಈ ಏರ್‌ಬ್ಯಾಗ್ ಅಪಘಾತದಲ್ಲಿ ಬಿಚ್ಚಿಕೊಳ್ಳುವುದಲ್ಲ, ಹಿಂದಿನ ಸಸ್ಪೆನ್ಷನ್ನಿಗೆ ಹಾಕುವ ಗಾಳಿಚೀಲ; ಟ್ರಕ್ಕಿನ ಹಿಂಭಾಗವನ್ನು ಎತ್ತುತ್ತದೆ. ಹಿಂಭಾಗ ಎದ್ದರೆ ಹಿಚ್ ಏಳುತ್ತದೆ, ಹಿಚ್ ಎದ್ದರೆ ಟ್ರೇಲರಿನ ಮೂಗು ಇನ್ನೂ ಮೇಲೆ. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. 40 ಪಿಎಸ್‌ಐ ಗಾಳಿ ತುಂಬಿಸಿದ ಮೇಲೆ ಟ್ರಕ್ಕು ನೆಟ್ಟಗಾಯಿತು, ಟ್ರೇಲರಿನ 3 ಇಂಚು ಹೋಗಿ ಹತ್ತಿರ ಹತ್ತಿರ 5 ಇಂಚಾಯಿತು. ಹೈವೇಯಲ್ಲಿ ಒಂದು ಗಂಟೆ ಓಡಿಸಿ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಟ್ರೇಲರಿನ ಮುಂದಿನ ಆಕ್ಸಲ್ ಟೈರು 118 ಡಿಗ್ರಿ ಫ್ಯಾರನ್‌ಹೀಟ್, ಹಿಂದಿನದು 141. ಎರಡಕ್ಕೂ ಒಂದೇ ಪ್ರೆಷರ್ ಹಾಕಿತ್ತು.

“ಇನ್ನು 5,000 ಪೌಂಡ್ ಹೆಚ್ಚಿಗೆ ಹೊರಬಹುದು” ಎಂದು ಬೇರೆ ಹೇಳಿದ್ದರು. ಶುದ್ಧ ಸುಳ್ಳು. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಹಳದಿ ಪಟ್ಟಿಯ ಸ್ಟಿಕರಿನಲ್ಲಿರುವ ಪೇಲೋಡ್ (ಟ್ರಕ್ಕು ಹೊರಬಹುದಾದ ಭಾರ) ಏರ್‌ಬ್ಯಾಗ್ ಹಾಕಿದರೆ ಒಂದು ಪೌಂಡೂ ಏರುವುದಿಲ್ಲ. ಆಕ್ಸಲ್ ಅದೇ, ಚಕ್ರ ಅದೇ, ಟೈರು ಅದೇ. ಬ್ರೋಷರಿನ ಪಿನ್ ವೇಟನ್ನೂ ನಂಬಬೇಡಿ, ಅದು ಖಾಲಿ ಟ್ರೇಲರಿನದು. ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿಗೆ (ಲಾರಿ ತೂಗುವ ಕಾಟಾ) ಹೋಗಿ, ಟ್ರೇಲರ್ ಸಮೇತ ಒಮ್ಮೆ, ಬಿಚ್ಚಿ ಒಮ್ಮೆ ತೂಗಿಸಿ. ನನ್ನ ತೂಕದ ಚೀಟಿ: ಟ್ರಕ್ಕು ಒಂದೇ 7,500 ಪೌಂಡ್, ಟ್ರೇಲರ್ ಕಟ್ಟಿದಾಗ ಟ್ರಕ್ಕಿನ ಚಕ್ರಗಳ ಮೇಲೆ 9,940. ವ್ಯತ್ಯಾಸ 2,440, ಅದೇ ಪಿನ್ ಭಾರ. ಟ್ರೇಲರಿನ ಚಕ್ರಗಳ ಮೇಲೆ 9,160. ಟ್ರೇಲರಿನ ಒಟ್ಟು 11,600ರಲ್ಲಿ ಶೇ. 21 ಪಿನ್ ಮೇಲೆ, ಇದು ಸರಿಯಾಗಿಯೇ ಇದೆ. ಅಂದರೆ ಭಾರದ ಸಮಸ್ಯೆಯೇ ಇರಲಿಲ್ಲ. ಎತ್ತರದ್ದಿತ್ತು.

ಮೂರನೇ ಸಲ ಹೋದಾಗ ಅವರ ಮಾತು: “ಟ್ರೇಲರ್ ಆಕ್ಸಲ್ ಫ್ಲಿಪ್ ಮಾಡಿಬಿಡೋಣ, ತಿರುಗಿಸಿ ಹಾಕಿದರಾಯ್ತು.” ಆಗ ಕಣ್ಣು ತೆರೆಯಿತು. ಫ್ಲಿಪ್ ಅಂತ ಹೆಸರಿದ್ದರೂ ಆಕ್ಸಲ್ಲನ್ನು ಮಗುಚುವ ಹಾಗಿಲ್ಲ. ಅದರಲ್ಲಿ ಮೇಲ್ಮುಖವಾದ ಸಣ್ಣ ಬಾಗು ಇರುತ್ತದೆ, ಭಾರ ಬಿದ್ದಾಗ ಟೈರು ನೆಟ್ಟಗೆ ನಿಲ್ಲುವುದು ಅದರಿಂದ. ಮಗುಚಿದರೆ ಟೈರಿನ ಒಳ ಅಂಚು ಸವೆದು ಹಾಳಾಗುತ್ತದೆ. ಸರಿಯಾದ ಕ್ರಮ ಎಂದರೆ ಆಕ್ಸಲ್ ಮೇಲ್ಭಾಗಕ್ಕೆ ಹೊಸ ಸ್ಪ್ರಿಂಗ್ ಸೀಟು ವೆಲ್ಡ್ ಮಾಡಿ, ಕೆಳಗಿದ್ದ ಸ್ಪ್ರಿಂಗನ್ನು ಮೇಲೆ ಕೂರಿಸುವುದು, ಟ್ರೇಲರ್ ಏಳುವುದು ಹಾಗೆ. ಸ್ಪ್ರಿಂಗ್ ಮೊದಲೇ ಮೇಲಿದ್ದರೆ ಈ ಕೆಲಸವೇ ಇಲ್ಲ. ನನ್ನದರಲ್ಲಿ ಮೊದಲೇ ಮೇಲಿತ್ತು! ಬಗ್ಗಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ ರೇಟು ಹೇಳಿದ್ದರು.

ಕೊನೆಗೆ ಸರಿಯಾದದ್ದು ಹೇಗೆ? ಪಿನ್ ಬಾಕ್ಸ್ (ಟ್ರೇಲರಿನ ಮೂಗಿಗೆ ಬೋಲ್ಟ್ ಮಾಡಿರುವ, ಕಿಂಗ್‌ಪಿನ್ ಹಿಡಿದಿರುವ ಪೆಟ್ಟಿಗೆ) ಎರಡು ತೂತು ಮೇಲೆ. ಅಷ್ಟೇ. ಬೆಡ್ ರೈಲಿಗೂ (ಬೆಡ್ಡಿನ ಪಕ್ಕದ ಗೋಡೆಯ ಮೇಲಂಚು) ಟ್ರೇಲರಿನ ಅಡಿಗೂ ನಡುವೆ 9 ಇಂಚು ಸಂದು ಇತ್ತು, ಇರಬೇಕಾದದ್ದು ಐದೂವರೆಯಿಂದ 6. ತೂತುಗಳ ಅಂತರ ಒಂದೂವರೆ ಇಂಚು. ಎರಡು ತೂತು ಮೇಲೆ ಕಟ್ಟಿದರೆ ಟ್ರೇಲರಿನ ಮೂಗು 3 ಇಂಚು ಇಳಿಯುತ್ತದೆ, ಸಂದು 6ಕ್ಕೆ ನಿಲ್ಲುತ್ತದೆ. ಇದಕ್ಕೆ ಮೊದಲು ಮುಂದಿನ ಸ್ಪೇಸರ್ ತೆಗೆಸಿ, ಏರ್‌ಬ್ಯಾಗನ್ನು 10 ಪಿಎಸ್‌ಐಗೆ ಇಳಿಸಿದ್ದಾಯಿತು (ಪೂರ್ತಿ ಖಾಲಿ ಮಾಡಬೇಡಿ, ಬ್ಯಾಗ್ ಮಡಚಿ ಹರಿಯುತ್ತದೆ). ಟ್ರೇಲರ್ ಬಿಚ್ಚಿ ಮುಂದಿನ ಕಾಲುಗಳ ಮೇಲೆ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು, ಪಿನ್ ಬಾಕ್ಸಿನ ಕೆಳಗೆ ಫ್ಲೋರ್ ಜ್ಯಾಕ್ ಇಟ್ಟುಕೊಂಡೇ ಬೋಲ್ಟ್ ಬಿಚ್ಚಬೇಕು. ಅದು 100 ಪೌಂಡಿನ ಮೇಲಿದೆ, ಕೈಮೇಲೆ ಬಿದ್ದರೆ ಕೈ ಹೋಯಿತು. ಎರಡೂ ಬದಿಯಲ್ಲಿ ತೂತು ಎಣಿಸಿ. ಟಾರ್ಕ್ ತಯಾರಕರು ಹೇಳಿದಷ್ಟೇ, 50 ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಈಗ 20 ಅಡಿಗೆ ಉಳಿದಿರುವುದು ಕಾಲು ಇಂಚು. ಖರ್ಚು ಸೊನ್ನೆ.

ಸಂದು 6 ಇಂಚಿಗಿಂತ ಕಮ್ಮಿ ಇದ್ದು ಮೂಗೂ ಎದ್ದಿದ್ದರೆ ಮಾತು ಬೇರೆ, ಆಗ ಟ್ರೇಲರನ್ನೇ ಎತ್ತಬೇಕು, ದುಡ್ಡು ಖರ್ಚಾಗುತ್ತದೆ. ಆದರೆ ಆ ಸಂದಿಗೆ ಟೇಪ್ ಹಿಡಿಯದೆ ಪರಿಹಾರ ಹೇಳುವವನ ಅಂಗಡಿಯಿಂದ ಎದ್ದು ಬನ್ನಿ.

ದುಡ್ಡು ವಾಪಸ್ ಕೇಳಿದ್ದಕ್ಕೆ, “ಹಾಕಿ ಬಿಚ್ಚಿದ ಸಾಮಾನು ತಗೊಳ್ಳಲ್ಲ, ಲೇಬರ್ ಅಂತೂ ಆಗಿಹೋಗಿದೆ.” ಟ್ರೇಲರ್ ಫ್ರೇಮಿನ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಂತಿರುವ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: “ಚೆನ್ನಾಗಿ ಬಂದಿದೆ ಸರ್! ಸ್ಪೇಸರ್ ತೆಗೆಸಿದ್ದೀರಲ್ಲ, ಅಲೈನ್‌ಮೆಂಟ್ ಮಾಡಿಸಲೇಬೇಕು. ಶನಿವಾರ ಬನ್ನಿ.”